ಆನ್‌ಲೈನ್ ನಕ್ಷೆಗಳ ಪೈಪೋಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ದಾರಿ ತಿಳಿಯಲು ಫೋನ್ ತೆಗೆಯುವವರು, ತಮ್ಮ ಆ್ಯಪ್‌ನಲ್ಲಿ ನಕ್ಷೆ ಕೂರಿಸಲು ಹೊರಟ ಡೆವಲಪರ್‌ಗಳು, ಇಬ್ಬರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದೆ. ಮೇಲಿನಿಂದ ಓದಿಕೊಂಡು ಬಂದರೆ ಒಂದಕ್ಕೊಂದು ಕೊಂಡಿ ಸಿಗುತ್ತದೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋದರೂ ಅಡ್ಡಿಯಿಲ್ಲ.

ಇರುವ ರಸ್ತೆ ಒಂದೇ. ಅದರ ನಕ್ಷೆಗೆ ಪೈಪೋಟಿ ಏಕೆ?

ರಸ್ತೆ ಒಂದೇ ಆದರೂ ಅದು ಇದ್ದಂತೆ ಇರುವುದಿಲ್ಲ. ಇವತ್ತು ಏಕಮುಖ ಸಂಚಾರ ಜಾರಿಯಾಗುತ್ತದೆ, ನಾಳೆ ಸೇತುವೆ ಮುಚ್ಚುತ್ತದೆ, ನಾಡಿದ್ದು ಅಂಗಡಿ ಬೇರೆ ಕಟ್ಟಡಕ್ಕೆ ಹೋಗುತ್ತದೆ. ನಕ್ಷೆಯನ್ನು ಮೊದಲ ಸಲ ಬಿಡಿಸುವುದು ಕಷ್ಟ, ಹಳತಾಗದಂತೆ ನೋಡಿಕೊಳ್ಳುವುದು ಇನ್ನೂ ಕಷ್ಟ. ಅಸಲಿ ಪೈಪೋಟಿ ಇರುವುದು ಈ ಎರಡನೆಯದರಲ್ಲಿ.

ಪರದೆಯ ಮೇಲೆ ಒಂದೇ ಚಿತ್ರವಾಗಿ ಕಂಡರೂ ಒಳಗೆ ಹಲವು ಪದರಗಳಿವೆ. ತಳದಲ್ಲಿ ರಸ್ತೆ, ಕಟ್ಟಡ, ಹೆಸರುಗಳ ದತ್ತಾಂಶ. ಅದರ ಮೇಲೆ ಅದನ್ನು ಚಿತ್ರವಾಗಿಸುವ ತಂತ್ರಾಂಶ. ಆಮೇಲೆ ವಿಳಾಸ ಹುಡುಕುವುದು, ದಾರಿ ಲೆಕ್ಕ ಹಾಕುವುದು. ತುದಿಯಲ್ಲಿ ಈ ಕ್ಷಣದ ಟ್ರಾಫಿಕ್. ಒಬ್ಬರ ದತ್ತಾಂಶದ ಮೇಲೆ ಇನ್ನೊಬ್ಬರ ಚಿತ್ರ, ಮತ್ತೊಬ್ಬರ ದಾರಿ ಲೆಕ್ಕ ಸೇರಿಸಿ ನಡೆಸುವ ಸೇವೆಗಳು ಬೇಕಾದಷ್ಟಿವೆ. ಕೆಲವು ಪದರಗಳಲ್ಲಿ ಪೈಪೋಟಿ ಬಿರುಸಾಗಿದೆ, ಕೆಲವದರಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ಗೂಗಲ್ ಮ್ಯಾಪ್ಸ್ ಬರುವ ಮೊದಲು ಯಾರಿದ್ದರು? ಅವರು ಹಿಂದೆ ಬಿದ್ದದ್ದು ಏಕೆ?

1996ರಲ್ಲಿ ಶುರುವಾದ ಮ್ಯಾಪ್‌ಕ್ವೆಸ್ಟ್ ಎಂಬ ನಕ್ಷೆ ಜಾಲತಾಣ ಬಹಳ ವರ್ಷ ಮುಂದಿತ್ತು. 1999ರ ಕೊನೆಗೆ ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ಅದನ್ನು ಸುಮಾರು 110 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಆ ಕಾಲದ ನಕ್ಷೆಯಲ್ಲಿ ಸ್ವಲ್ಪ ಪಕ್ಕಕ್ಕೆ ನೋಡಬೇಕೆಂದರೆ ಅಂಚಿನ ಬಾಣ ಒತ್ತಬೇಕಿತ್ತು. ಇಡೀ ಪುಟ ಮತ್ತೆ ತೆರೆದುಕೊಳ್ಳುವ ತನಕ ಕಾಯಬೇಕಿತ್ತು.

2005ರ ಫೆಬ್ರವರಿ 8ರಂದು ಬಂದ ಗೂಗಲ್ ಮ್ಯಾಪ್ಸ್‌ನಲ್ಲಿ ನಕ್ಷೆಯನ್ನು ಮೌಸಿನಿಂದ ಹಿಡಿದು ಎಳೆಯಬಹುದಿತ್ತು. ಅದರ ಬೇರು ಇದ್ದದ್ದು ಸಿಡ್ನಿಯ ವೇರ್ ಟು ಟೆಕ್ನಾಲಜೀಸ್ ಎಂಬ ಪುಟ್ಟ ಕಂಪನಿಯಲ್ಲಿ. ಲಾರ್ಸ್ ಮತ್ತು ಯೆನ್ಸ್ ರಾಸ್ಮುಸೆನ್ ಸಹೋದರರು ಇನ್ನಿಬ್ಬರ ಜೊತೆ ಸೇರಿ ಕಟ್ಟಿದ್ದ ಅದನ್ನು ಗೂಗಲ್ 2004ರಲ್ಲಿ ಕೊಂಡಿತು. ಅದೇ ವರ್ಷ ಕೊಂಡ ಕೀಹೋಲ್ ಎಂಬ ಇನ್ನೊಂದು ಕಂಪನಿಯ ತಂತ್ರಾಂಶ ಮುಂದೆ ಗೂಗಲ್ ಅರ್ಥ್ ಆಯಿತು. ಗಮನಿಸಿ: ಇಂದು ಏಕಸ್ವಾಮ್ಯದ ಹೆಸರಿಗೆ ಗುರಿಯಾಗಿರುವ ಸೇವೆಯ ಮೊದಲ ಜಾಣತನ ಹೊರಗಿನ ಸಣ್ಣ ತಂಡಗಳಿಂದ ಬಂದದ್ದು.

ಎಳೆದಾಡುವ ನಕ್ಷೆ ಅಷ್ಟು ದೊಡ್ಡ ಸಂಗತಿಯೇ?

ಹೌದು. ತಂತ್ರ ಸರಳ, ಪರಿಣಾಮ ದೊಡ್ಡದು. ಜಗತ್ತನ್ನು 256 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಚೌಕಗಳಾಗಿ ಕತ್ತರಿಸಿ ಮೊದಲೇ ಚಿತ್ರ ಮಾಡಿ ಇಡುತ್ತಾರೆ. ಇವನ್ನು ಟೈಲ್ ಎನ್ನುತ್ತಾರೆ. ನೀವು ನಕ್ಷೆ ಎಳೆದಾಗ ಹೊಸದಾಗಿ ಕಾಣಬೇಕಾದ ಚೌಕಗಳನ್ನು ಮಾತ್ರ ಬ್ರೌಸರ್ ತರಿಸಿಕೊಳ್ಳುತ್ತದೆ. ಸೊನ್ನೆಯ ಹಂತದಲ್ಲಿ ಇಡೀ ಜಗತ್ತು ಒಂದೇ ಟೈಲ್. ಪ್ರತಿ ಹಂತ ಜೂಮ್ ಮಾಡಿದಾಗ ಟೈಲ್‌ಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. 18ನೇ ಹಂತಕ್ಕೆ ಬರುವಷ್ಟರಲ್ಲಿ ಅದು 6,800 ಕೋಟಿ ದಾಟುತ್ತದೆ. ಅಷ್ಟನ್ನು ತಯಾರಿಸಿ, ಕೂಡಿಟ್ಟು, ಕ್ಷಣದಲ್ಲಿ ಒದಗಿಸಬಲ್ಲ ಸರ್ವರ್‌ಗಳಿದ್ದವರು ಗೆದ್ದರು.

ಈಚೆಗೆ ಚಿತ್ರದ ಬದಲು ರಸ್ತೆಯ ಗೆರೆ, ಕಟ್ಟಡದ ಅಂಚುಗಳ ಅಂಕಿಗಳನ್ನೇ ಕಳಿಸಿ, ಬಿಡಿಸುವ ಕೆಲಸವನ್ನು ಫೋನಿಗೆ ಬಿಡುವ ವೆಕ್ಟರ್ ಟೈಲ್ ರೂಢಿಯಾಗಿದೆ. ನಕ್ಷೆಯನ್ನು ತಿರುಗಿಸಿದರೂ ಹೆಸರುಗಳು ತಲೆಕೆಳಗಾಗದೆ ನೆಟ್ಟಗೆ ನಿಲ್ಲುವುದು ಇದರಿಂದಲೇ. ಸರ್ವರ್ ಮೇಲಿನ ಹೊರೆಯೂ ಇಳಿಯಿತು, ಸಣ್ಣವರಿಗೆ ಮತ್ತೆ ಜಾಗ ಸಿಕ್ಕಿತು.

ಬಿಟ್ಟಿಯಾಗಿ ಕೊಡುವವರ ಎದುರು ಪೈಪೋಟಿ ಮಾಡುವುದು ಹೇಗೆ?

ಈ ಪ್ರಶ್ನೆ ಕೋರ್ಟಿಗೂ ಹೋಗಿದೆ. ಬೊಟ್ಟಾಂ ಕಾರ್ಟೋಗ್ರಾಫ್ ಎಂಬ ಫ್ರೆಂಚ್ ನಕ್ಷೆ ಕಂಪನಿ, ವ್ಯಾಪಾರಿ ಜಾಲತಾಣಗಳಿಗೆ ಗೂಗಲ್ ನಕ್ಷೆಯನ್ನು ಉಚಿತವಾಗಿ ಕೊಟ್ಟು ತನ್ನನ್ನು ಮುಳುಗಿಸುತ್ತಿದೆ ಎಂದು ದೂರಿತು. 2012ರಲ್ಲಿ ಪ್ಯಾರಿಸ್ಸಿನ ವಾಣಿಜ್ಯ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪಿತ್ತು 5 ಲಕ್ಷ ಯೂರೋ ಪರಿಹಾರ ಕೊಡಿಸಿತು. 2015ರಲ್ಲಿ ಮೇಲ್ಮನವಿಯಲ್ಲಿ ಗೂಗಲ್ ಗೆದ್ದಿತು.

ಮಾರುಕಟ್ಟೆಯಲ್ಲಿ ಬಿದ್ದ ಪೆಟ್ಟು ಇದಕ್ಕಿಂತ ಜೋರು. 2007ರಲ್ಲಿ ನೋಕಿಯಾ 810 ಕೋಟಿ ಡಾಲರ್‌ಗೆ ನ್ಯಾವ್‌ಟೆಕ್ ಕೊಳ್ಳುವುದಾಗಿ ಘೋಷಿಸಿತು. 2008ರಲ್ಲಿ ಟಾಮ್‌ಟಾಮ್ 290 ಕೋಟಿ ಯೂರೋ ಕೊಟ್ಟು ಟೆಲಿ ಅಟ್ಲಾಸ್ ಕೊಂಡಿತು. ಜಗತ್ತಿನ ರಸ್ತೆ ದತ್ತಾಂಶದ ಎರಡು ದೊಡ್ಡ ಕಣಜಗಳು ಹೀಗೆ ಕೈ ಬದಲಾಯಿಸಿದವು. ಗೂಗಲ್ ಆಗ ಟೆಲಿ ಅಟ್ಲಾಸ್‌ನ ದತ್ತಾಂಶಕ್ಕೆ ಹಣ ಕೊಡುತ್ತಿದ್ದ ಗಿರಾಕಿ. 2009ರ ಅಕ್ಟೋಬರ್‌ನಲ್ಲಿ ಅದು ಅಮೆರಿಕದ ಮಟ್ಟಿಗೆ ಟೆಲಿ ಅಟ್ಲಾಸನ್ನು ಕೈಬಿಟ್ಟು ತನ್ನದೇ ದತ್ತಾಂಶಕ್ಕೆ ಬದಲಾಯಿತು. ಅದೇ ತಿಂಗಳು ಆಂಡ್ರಾಯ್ಡ್ ಫೋನಿಗೆ ಪ್ರತಿ ತಿರುವನ್ನೂ ಹೇಳುವ ಧ್ವನಿ ಸೂಚನೆಯನ್ನು ಉಚಿತವಾಗಿ ಬಿಟ್ಟಿತು. ಕಾರಿಗೆ ಅಂಟಿಸುವ ಜಿಪಿಎಸ್ ಪೆಟ್ಟಿಗೆ ಮಾರುತ್ತಿದ್ದ ಗಾರ್ಮಿನ್ ಮತ್ತು ಟಾಮ್‌ಟಾಮ್‌ನ ಷೇರು ಬೆಲೆ ಸುದ್ದಿ ಬಂದ ದಿನವೇ ಕುಸಿಯಿತು.

ಸೋತವರು ಕಾಣೆಯಾಗಲಿಲ್ಲ ಎಂಬುದನ್ನೂ ಹೇಳಬೇಕು. ನ್ಯಾವ್‌ಟೆಕ್ ಮುಂದೆ ಹಿಯರ್ ಎಂಬ ಹೆಸರು ಪಡೆಯಿತು. 2015ರಲ್ಲಿ ಆಡಿ, ಬಿಎಂಡಬ್ಲ್ಯು, ಡೈಮ್ಲರ್ ಮೂರೂ ಸೇರಿ ಅದನ್ನು 280 ಕೋಟಿ ಯೂರೋಗೆ ಕೊಂಡವು. ಮಾರುಕಟ್ಟೆಯಲ್ಲಿ ಒಬ್ಬರನ್ನೊಬ್ಬರು ಕೆಳಗೆ ಹಾಕಲು ಹೊರಟವರು ನಕ್ಷೆಯ ವಿಷಯದಲ್ಲಿ ಒಂದಾದದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ನಾಳೆಯ ಕಾರಿಗೆ ಬೇಕಾದ ನಕ್ಷೆಗಾಗಿ ಹೊರಗಿನ ಒಬ್ಬರ ಎದುರು ಕೈಚಾಚಿ ನಿಲ್ಲಲು ಯಾರಿಗೂ ಮನಸ್ಸಿರಲಿಲ್ಲ.

ನಮಗೆ ಉಚಿತ ಎಂದಮೇಲೆ ಡೆವಲಪರ್‌ಗಳಿಗೆ ಬಿಲ್ ಬರುವುದು ಯಾವುದಕ್ಕೆ?

ನೀವು ಆ್ಯಪ್ ತೆರೆದು ನೋಡುವುದು ಬೇರೆ, ಒಂದು ಕಂಪನಿ ಆ ನಕ್ಷೆಯನ್ನು ತನ್ನ ಪುಟದಲ್ಲಿ ಕೂರಿಸುವುದು ಬೇರೆ. ಎರಡನೆಯದಕ್ಕೆ ಬಳಸುವ ಬಾಗಿಲಿಗೆ ಎಪಿಐ ಎನ್ನುತ್ತಾರೆ. ಗೂಗಲ್ ಅದನ್ನು ತೆರೆದದ್ದು 2005ರ ಜೂನ್‌ನಲ್ಲಿ. ಅದಕ್ಕೂ ಮೊದಲೇ ಪಾಲ್ ರಾಡೆಮಾಕರ್ ಎಂಬ ಪ್ರೋಗ್ರಾಮರ್ ಗೂಗಲ್ ನಕ್ಷೆಯ ಒಳಮರ್ಮ ಬಿಡಿಸಿ, ಬಾಡಿಗೆ ಮನೆಗಳ ಜಾಹೀರಾತನ್ನು ಅದರ ಮೇಲೆ ಚುಕ್ಕಿಗಳಾಗಿ ತೋರಿಸಿದ್ದರು. ಕೇಸು ಹಾಕುವ ಬದಲು ಬಾಗಿಲು ತೆರೆದದ್ದು ಗೂಗಲ್‌ನ ಜಾಣ ನಡೆ.

ಬಾಗಿಲಿಗೆ ಟಿಕೆಟ್ ಬಂದದ್ದು ಆಮೇಲೆ. 2018ರ ಜುಲೈಗೆ ಮೊದಲು ದಿನಕ್ಕೆ 25,000 ಸಲ ನಕ್ಷೆ ತೆರೆಯುವ ತನಕ ಹಣವಿರಲಿಲ್ಲ. ಹೊಸ ದರದಲ್ಲಿ ತಿಂಗಳಿಗೆ 200 ಡಾಲರ್ ಮೌಲ್ಯದ ಬಳಕೆ ಉಚಿತ, ಆಮೇಲೆ ಪ್ರತಿ 1,000 ಸಲಕ್ಕೆ 7 ಡಾಲರ್. ಲೆಕ್ಕ ಹಾಕಿ ನೋಡಿದರೆ ಮೊದಲು ಒಂದು ದಿನಕ್ಕೆ ಸಿಗುತ್ತಿದ್ದಷ್ಟು ಆಗ ಹೆಚ್ಚುಕಡಿಮೆ ಒಂದು ತಿಂಗಳಿಗೆ ಸಿಗುವಂತಾಯಿತು. ಹಿಂದೆ ಮಿತಿ ಮೀರಿದರೆ 1,000ಕ್ಕೆ ಅರ್ಧ ಡಾಲರ್ ಇತ್ತು, ಅದು 14 ಪಟ್ಟಾಯಿತು. 2025ರ ಮಾರ್ಚ್‌ನಲ್ಲಿ ಉಚಿತ ಮಿತಿಯ ಲೆಕ್ಕ ಮತ್ತೆ ಬದಲಾಗಿ ಒಂದೊಂದು ಸೇವೆಗೆ ಒಂದೊಂದು ಮಿತಿ ಬಂತು.

ದರ ಏರಿಸುವ ಹಕ್ಕು ಯಾವ ವ್ಯಾಪಾರಿಗೂ ಇದೆ. ಒಂದೇ ಸಲಕ್ಕೆ 14 ಪಟ್ಟು ಏರಿಸಿಯೂ ಗಿರಾಕಿ ಬಿಟ್ಟುಹೋಗುವುದಿಲ್ಲ ಎಂಬ ಧೈರ್ಯ ಎಲ್ಲಿಂದ ಬಂತು ಎಂಬುದು ಕೇಳಬೇಕಾದ ಪ್ರಶ್ನೆ.

ಯಾರೂ ಬಿಟ್ಟುಹೋಗಲಿಲ್ಲವೇ?

ಹೋದವರಿದ್ದಾರೆ. ಎಪಿಐಗೆ ಮೊದಲ ಸಲ ಮಿತಿ ಹೇರುವ ಮಾತು ಬಂದ ಬೆನ್ನಲ್ಲೇ, 2012ರಲ್ಲಿ, ಜನ ತಾವಿರುವ ಜಾಗ ಹಂಚಿಕೊಳ್ಳುವ ಫೋರ್‌ಸ್ಕ್ವೇರ್ ಸೇವೆ ತನ್ನ ಜಾಲತಾಣವನ್ನು ಸ್ವಯಂಸೇವಕರು ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ದತ್ತಾಂಶಕ್ಕೆ ಬದಲಾಯಿಸಿತು. 2017ರ ಕೊನೆಗೆ ಪೋಕೆಮಾನ್ ಗೋ ಆಟವೂ ಅದೇ ದಾರಿ ಹಿಡಿಯಿತು. ಆ ಆಟ ಕಟ್ಟಿದ ನಯಾಂಟಿಕ್‌ನ ಸ್ಥಾಪಕ ಜಾನ್ ಹ್ಯಾಂಕಿ ಹಿಂದೆ ಕೀಹೋಲ್ ಸ್ಥಾಪಕರಲ್ಲಿ ಒಬ್ಬರು, ಗೂಗಲ್‌ನಲ್ಲಿ ನಕ್ಷೆ ವಿಭಾಗ ನಡೆಸಿದವರು. ಒಳಗಿನ ಮರ್ಮ ಬಲ್ಲವರೇ ಹೊರಗಿನದನ್ನು ಆರಿಸಿಕೊಂಡರು.

ದುಡ್ಡಿದ್ದ ಯಾರಾದರೂ ಹೊಸ ನಕ್ಷೆ ಮಾಡಬಹುದಲ್ಲ?

ಆ್ಯಪಲ್‌ಗೆ ದುಡ್ಡಿನ ಕೊರತೆ ಇರಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಐಫೋನಿನಿಂದ ಗೂಗಲ್ ನಕ್ಷೆಯನ್ನು ತೆಗೆದು ತನ್ನದನ್ನು ಇಟ್ಟಿತು. ಊರುಗಳು ಜಾಗ ಬಿಟ್ಟು ಕೂತಿದ್ದವು, ಮೂರು ಆಯಾಮದ ಚಿತ್ರದಲ್ಲಿ ಸೇತುವೆಗಳು ಕರಗಿದಂತೆ ಬಾಗಿದ್ದವು. ಕೆಲವೇ ದಿನಗಳಲ್ಲಿ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಬಹಿರಂಗವಾಗಿ ಕ್ಷಮೆ ಕೇಳಿ, ಸರಿಪಡಿಸುವ ತನಕ ಬಿಂಗ್, ಮ್ಯಾಪ್‌ಕ್ವೆಸ್ಟ್, ವೇಜ್ ಬಳಸಿ, ಇಲ್ಲವೇ ಬ್ರೌಸರ್ ಮೂಲಕ ಗೂಗಲ್, ನೋಕಿಯಾ ನಕ್ಷೆ ನೋಡಿ ಎಂದು ಎದುರಾಳಿಗಳ ಹೆಸರನ್ನೇ ಪಟ್ಟಿ ಮಾಡಿದರು. ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪೊಲೀಸರು ಎಚ್ಚರಿಕೆ ಹೊರಡಿಸಬೇಕಾಯಿತು. ಮಿಲ್ಡುರಾ ಪಟ್ಟಣಕ್ಕೆ ಹೊರಟವರನ್ನು ಆ ನಕ್ಷೆ ಸುಮಾರು 70 ಕಿಲೋಮೀಟರ್ ದೂರದ, ಬಿಸಿಲಲ್ಲಿ ಬೇಯುವ, ನೀರಿಲ್ಲದ ಮರ್ರೆ-ಸನ್‌ಸೆಟ್ ರಾಷ್ಟ್ರೀಯ ಉದ್ಯಾನಕ್ಕೆ ಒಯ್ಯುತ್ತಿತ್ತು.

ಇದರ ಇನ್ನೊಂದು ಮುಖವನ್ನು ಜನ ಮರೆಯುತ್ತಾರೆ. ಅಲ್ಲಿಯ ತನಕ ಐಫೋನಿನ ಗೂಗಲ್ ನಕ್ಷೆಯಲ್ಲಿ ತಿರುವು ಹೇಳುವ ಧ್ವನಿ ಇರಲಿಲ್ಲ, ಆಂಡ್ರಾಯ್ಡ್‌ನಲ್ಲಿ ಮಾತ್ರ ಇತ್ತು. ಆ್ಯಪಲ್ ತನ್ನದನ್ನು ತಂದ ಮೂರೇ ತಿಂಗಳಲ್ಲಿ ಗೂಗಲ್‌ನ ಹೊಸ ಐಫೋನ್ ಆ್ಯಪ್ ಧ್ವನಿಯ ಜೊತೆಗೇ ಬಂತು. ಕೆಟ್ಟ ಎದುರಾಳಿ ಕೂಡ ಒಳ್ಳೆಯ ನಕ್ಷೆಯನ್ನು ಸುಧಾರಿಸಬಲ್ಲ. ಆ್ಯಪಲ್ ಕೂಡ ಸುಮ್ಮನಿರಲಿಲ್ಲ. ಸ್ವಂತ ವಾಹನ, ಸ್ವಂತ ಸಮೀಕ್ಷೆಯಿಂದ ತಳದ ದತ್ತಾಂಶವನ್ನೇ ಹೊಸದಾಗಿ ಕಟ್ಟಿತು. ಅಮೆರಿಕದ ಮಟ್ಟಿಗೆ ಅದು ಮುಗಿದದ್ದು 2020ರ ಆರಂಭದಲ್ಲಿ. ಆ್ಯಪಲ್‌ನಂಥ ಕಂಪನಿಗೇ ಏಳು ವರ್ಷ ಹಿಡಿಯಿತು.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂದರೆ ಗೂಗಲ್ ಮ್ಯಾಪ್ಸ್‌ನ ಉಚಿತ ರೂಪವೇ?

ಹಾಗೆಂದುಕೊಂಡು ಬಂದವರು ನಿರಾಶರಾಗುತ್ತಾರೆ. ಅದು ಮೊದಲಿಗೆ ದತ್ತಾಂಶದ ಭಂಡಾರ, ಆ್ಯಪ್ ಆಮೇಲಿನದು. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಶುರುಮಾಡಿದರು. ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯ ದತ್ತಾಂಶ ಬಳಸಲು ಆಗ ಹಣ ಕೊಡಬೇಕಿತ್ತು. ಅದಕ್ಕೆ ಸ್ವಯಂಸೇವಕರು ಜಿಪಿಎಸ್ ಹಿಡಿದು ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ತಾವೇ ಗೆರೆ ಎಳೆದರು. ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವುದನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿರದಿದ್ದರೆ ಈ ಕೆಲಸ ಆಗುತ್ತಲೇ ಇರಲಿಲ್ಲ. ನೂರು ಮೀಟರ್ ತಪ್ಪುವ ಯಂತ್ರದಿಂದ ಬೀದಿ ಬಿಡಿಸಲಾಗದು.

ಈಗ ನೋಂದಾಯಿತ ಬಳಕೆದಾರರು ಒಂದು ಕೋಟಿಗೂ ಹೆಚ್ಚು. ಇಡೀ ಜಗತ್ತಿನ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮಾರುವ ಸರಕಿನಲ್ಲೂ ಬಳಸಬಹುದು. ಷರತ್ತು ಎರಡು. ಮೂಲವನ್ನು ಹೆಸರಿಸಬೇಕು. ದತ್ತಾಂಶವನ್ನೇ ತಿದ್ದಿ ಬೆಳೆಸಿ ಹೊರಗೆ ಹಂಚಿದರೆ ಅದನ್ನೂ ಇದೇ ಲೈಸೆನ್ಸಿನಲ್ಲಿ ತೆರೆದಿಡಬೇಕು. 2012ರಿಂದ ಜಾರಿಯಲ್ಲಿರುವ ಈ ಲೈಸೆನ್ಸಿನ ಎರಡನೆಯ ಷರತ್ತು ದೊಡ್ಡ ಕಂಪನಿಗಳಿಗೆ ಕಸಿವಿಸಿ ತರುತ್ತದೆ. ನನ್ನ ಮಟ್ಟಿಗೆ ಅದು ಆ ಯೋಜನೆಯ ಬೆನ್ನೆಲುಬು.

ಇಲ್ಲದಿರುವುದು ಏನು? ಲೈವ್ ಟ್ರಾಫಿಕ್ ಇಲ್ಲ, ಅಂಗಡಿಗಳ ವಿಮರ್ಶೆ ಇಲ್ಲ. ಅದರ ಟೈಲ್ ಸರ್ವರ್ ದೇಣಿಗೆಯಲ್ಲಿ ನಡೆಯುವುದರಿಂದ ಭಾರೀ ಬಳಕೆಯ ಆ್ಯಪ್‌ಗೆ ಅದನ್ನು ಜೋಡಿಸಲು ಅನುಮತಿ ಇಲ್ಲ.

ಯಾರು ಬೇಕಾದರೂ ತಿದ್ದುವ ನಕ್ಷೆಯನ್ನು ನಂಬುವುದು ಹೇಗೆ?

ಕಿಡಿಗೇಡಿ ತಿದ್ದುಪಡಿಗಳು ಬರುತ್ತವೆ, ಹೋಗುತ್ತವೆ. ಪ್ರತಿ ಬದಲಾವಣೆಯ ಇತಿಹಾಸ ಉಳಿಯುವುದರಿಂದ ಹಿಂದಕ್ಕೆ ತಿರುಗಿಸುವುದು ಸುಲಭ. ನಿಜವಾದ ಚಿಂತೆ ಅಸಮಾನತೆ. ಚುರುಕಾದ ಸ್ವಯಂಸೇವಕರಿರುವ ನಗರದಲ್ಲಿ ಬೆಂಚು, ನಲ್ಲಿ, ಮರವೂ ದಾಖಲಾಗಿರುತ್ತದೆ. ಯಾರೂ ಇಲ್ಲದ ಕಡೆ ಊರಿನ ಹೆಸರೇ ಇರುವುದಿಲ್ಲ. ಕಂಪನಿಗಳ ನಕ್ಷೆಯಲ್ಲೂ ಇದೇ ಅಸಮಾನತೆ ಇದೆ. ಅಲ್ಲಿ ಅದನ್ನು ನಿರ್ಧರಿಸುವುದು ಜಾಹೀರಾತಿನ ಆದಾಯ.

ರಸ್ತೆ ಕೆಂಪಾಗಿದೆ ಎಂದು ನಕ್ಷೆಗೆ ಹೇಗೆ ಗೊತ್ತಾಗುತ್ತದೆ?

ನಿಮ್ಮ ಫೋನ್ ಹೇಳುತ್ತದೆ. ದಾರಿಯಲ್ಲಿ ಸಾಗುವ ಫೋನುಗಳ ಸ್ಥಳ ಮತ್ತು ವೇಗವನ್ನು ಒಟ್ಟುಗೂಡಿಸಿದರೆ ಟ್ರಾಫಿಕ್ ಚಿತ್ರ ಸಿಗುತ್ತದೆ. 2020ರಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದ ಬರ್ಲಿನ್ನಿನಲ್ಲಿ 99 ಫೋನುಗಳನ್ನು ಪುಟ್ಟ ಕೈಗಾಡಿಯಲ್ಲಿ ತುಂಬಿ ಖಾಲಿ ರಸ್ತೆಯಲ್ಲಿ ಎಳೆದುಕೊಂಡು ನಡೆದರು. ಗೂಗಲ್ ನಕ್ಷೆಯಲ್ಲಿ ಆ ರಸ್ತೆ ಕೆಂಪಾಯಿತು!

ತಮಾಷೆಯ ಆಚೆಗೆ ಇದರಲ್ಲೇ ಪೈಪೋಟಿಯ ಗಂಟು ಇದೆ. ಬಳಸುವವರು ಹೆಚ್ಚಿದಷ್ಟೂ ಮಾಹಿತಿ ತಾಜಾ, ಮಾಹಿತಿ ತಾಜಾ ಇದ್ದಷ್ಟೂ ಬಳಸುವವರು ಹೆಚ್ಚು. ದಾರಿ ಲೆಕ್ಕದ ಗಣಿತ ಯಾರ ಗುಟ್ಟೂ ಅಲ್ಲ. ಡಚ್ ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನವೇ ಬುನಾದಿ. ಅದನ್ನು ಖಂಡದಷ್ಟು ದೊಡ್ಡ ರಸ್ತೆ ಜಾಲಕ್ಕೂ ಕ್ಷಣಾರ್ಧದಲ್ಲಿ ಉತ್ತರಿಸುವಂತೆ ಚುರುಕುಗೊಳಿಸಿದ ತಂತ್ರಗಳಲ್ಲಿ ಒಂದು 2008ರಲ್ಲಿ ಜರ್ಮನಿಯ ಕಾರ್ಲ್ಸ್‌ರೂ ವಿಶ್ವವಿದ್ಯಾಲಯದಿಂದ ಬಂತು. ಅದನ್ನು ಬಳಸುವ ಮುಕ್ತ ತಂತ್ರಾಂಶಗಳೂ ಇವೆ. ಸೂತ್ರ ಎಲ್ಲರ ಕೈಯಲ್ಲಿದೆ. ಕೋಟಿಗಟ್ಟಲೆ ಫೋನುಗಳಿಂದ ಬರುವ ವೇಗದ ಅಂಕಿ ಕೆಲವೇ ಕಂಪನಿಗಳ ಕೈಯಲ್ಲಿದೆ. ಅದನ್ನು ಸ್ವಯಂಸೇವಕರಿಂದ ಕೂಡಿಸಲು ಆಗುವುದಿಲ್ಲ.

ಇಸ್ರೇಲಿನ ವೇಜ್ ಆ ಗಂಟನ್ನು ಸ್ವಲ್ಪ ಸಡಿಲಿಸಿತ್ತು. ಚಾಲಕರೇ ಅಪಘಾತ, ಗುಂಡಿ, ಪೊಲೀಸ್ ತಪಾಸಣೆ ವರದಿ ಮಾಡುವ ಅದರ ರೀತಿ ಜನರಿಗೆ ಹಿಡಿಸಿತು. 2013ರಲ್ಲಿ ಗೂಗಲ್ ಸುಮಾರು 100 ಕೋಟಿ ಡಾಲರ್‌ಗೆ ಅದನ್ನು ಕೊಂಡಿತು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಪರಿಶೀಲಿಸಿ ಅಡ್ಡಿಯಿಲ್ಲ ಎಂದಿತು. ನನಗೆ ಕೇಳಿದರೆ ಈ ಕ್ಷೇತ್ರದಲ್ಲಿ ತಡೆಯಬೇಕಿದ್ದ ಒಂದು ವ್ಯವಹಾರ ಇದ್ದರೆ ಅದು ಇದೇ.

ಸ್ಪರ್ಧಾ ಪ್ರಾಧಿಕಾರಗಳು ಆಮೇಲೂ ಸುಮ್ಮನಿವೆಯೇ?

ಇಲ್ಲ. ಗೂಗಲ್‌ನ ದತ್ತಾಂಶವನ್ನು ಬೇರೆಯವರ ನಕ್ಷೆಯ ಜೊತೆ ಬೆರೆಸಿ ಬಳಸಬಾರದು ಎಂಬ ಷರತ್ತಿನ ಬಗ್ಗೆ ಜರ್ಮನಿಯ ಪ್ರಾಧಿಕಾರ 2022ರಲ್ಲಿ ವಿಚಾರಣೆ ಆರಂಭಿಸಿತು. 2025ರಲ್ಲಿ ಗೂಗಲ್ ಯುರೋಪಿನ ಗಿರಾಕಿಗಳಿಗೆ ಅದನ್ನು ಸಡಿಲಿಸಲು ಒಪ್ಪಿತು. ಒಣ ಸುದ್ದಿಯಂತೆ ಕಂಡರೂ ಇದು ಮುಖ್ಯ. ವಿಳಾಸ ಹುಡುಕಲು ಒಬ್ಬರು, ಚಿತ್ರಕ್ಕೆ ಇನ್ನೊಬ್ಬರು ಎಂದು ಬೆರೆಸಲು ಬಿಟ್ಟರೆ ಮಾತ್ರ ಒಂದೇ ಪದರದಲ್ಲಿ ಪಳಗಿದ ಸಣ್ಣ ಕಂಪನಿ ಬದುಕೀತು.

ಯುರೋಪಿಯನ್ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಫಲ ವಿಚಿತ್ರವಾಗಿದೆ. 2023ರಲ್ಲಿ ಗೂಗಲ್ ಮ್ಯಾಪ್ಸ್ ಆ ಕಾಯ್ದೆಯ ವ್ಯಾಪ್ತಿಗೆ ಬಂತು. ಸ್ವಂತ ಸೇವೆಗೆ ಒತ್ತಾಸೆ ಕೊಡಬಾರದೆಂಬ ನಿಯಮ 2024ರ ಮಾರ್ಚ್‌ನಲ್ಲಿ ಜಾರಿಯಾದಾಗ, ಅಲ್ಲಿನ ಹುಡುಕಾಟ ಪುಟದಲ್ಲಿ ಕಾಣುವ ಪುಟ್ಟ ನಕ್ಷೆಯನ್ನು ಒತ್ತಿದರೆ ಗೂಗಲ್ ಮ್ಯಾಪ್ಸ್ ತೆರೆಯುವುದು ನಿಂತಿತು. ಜನ ಬೇರೆ ನಕ್ಷೆಗೆ ಹೋಗುವ ಬದಲು ಇನ್ನೊಂದು ಟ್ಯಾಬ್ ತೆರೆದು ಅದನ್ನೇ ಹುಡುಕತೊಡಗಿದರು ಎಂಬ ಗೊಣಗಾಟ ಕೇಳಿಬಂತು. ಯಾವ ನಕ್ಷೆ ತೆರೆಯಬೇಕೆಂಬ ಆಯ್ಕೆ ಕೊಡದೆ ಕೊಂಡಿಯನ್ನು ಮಾತ್ರ ಕತ್ತರಿಸಿದರೆ ಇನ್ನೇನಾದೀತು?

ಓವರ್ಚರ್ ಎಂಬ ಹೆಸರು ಕೇಳುತ್ತಿದ್ದೇವೆ, ಅದೇನು?

2022ರ ಡಿಸೆಂಬರ್‌ನಲ್ಲಿ ಅಮೆಜಾನ್ ವೆಬ್ ಸರ್ವಿಸಸ್, ಮೆಟಾ, ಮೈಕ್ರೋಸಾಫ್ಟ್, ಟಾಮ್‌ಟಾಮ್ ಸೇರಿ ಲಿನಕ್ಸ್ ಫೌಂಡೇಶನ್ ಆಸರೆಯಲ್ಲಿ ಕಟ್ಟಿದ ಕೂಟ. ಗೂಗಲ್ ಅದರಲ್ಲಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್, ಸದಸ್ಯ ಕಂಪನಿಗಳ ಸ್ಥಳಪಟ್ಟಿ, ಉಪಗ್ರಹ ಚಿತ್ರದಿಂದ ಯಂತ್ರ ಗುರುತಿಸಿದ ಕಟ್ಟಡಗಳು, ಇವನ್ನೆಲ್ಲ ಒಂದು ಅಚ್ಚಿಗೆ ತಂದು ಉಚಿತವಾಗಿ ಬಿಡುಗಡೆ ಮಾಡುತ್ತದೆ. ಪ್ರತಿ ರಸ್ತೆ, ಕಟ್ಟಡಕ್ಕೆ ಬದಲಾಗದ ಒಂದು ಗುರುತಿನ ಸಂಖ್ಯೆ ಕೊಡುವುದು ಅದರ ಹೆಚ್ಚುಗಾರಿಕೆ. ಎರಡು ಕಂಪನಿಗಳ ದತ್ತಾಂಶವನ್ನು ಹೊಂದಿಸುವಾಗ ಇದು ಎಷ್ಟು ತಲೆನೋವು ಉಳಿಸುತ್ತದೆ ಎಂಬುದು ಆ ಕೆಲಸ ಮಾಡಿದವರಿಗೇ ಗೊತ್ತು. ಸ್ವಯಂಸೇವಕರ ಶ್ರಮದ ಮೇಲೆ ಕಂಪನಿಗಳು ಸವಾರಿ ಮಾಡುತ್ತಿವೆ ಎಂಬ ಅನುಮಾನ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಗದಲ್ಲಿ ಇದೆ. ಅನುಮಾನ ಪೂರ್ತಿ ಸುಳ್ಳೂ ಅಲ್ಲ.

ಒಂದು ನಕ್ಷೆ ನೋಡಿ ಇನ್ನೊಂದಕ್ಕೆ ಗೆರೆ ಎಳೆದರೆ ಯಾರಿಗೆ ಗೊತ್ತಾಗುತ್ತದೆ?

ಗೊತ್ತಾಗುತ್ತದೆ. ಕಾಗದದ ಕಾಲದಿಂದಲೂ ನಕ್ಷೆ ಮಾಡುವವರು ಕಳ್ಳರನ್ನು ಹಿಡಿಯಲು ಇಲ್ಲದ ಬೀದಿ, ಇಲ್ಲದ ಊರು ಸೇರಿಸುತ್ತಿದ್ದರು. 1930ರ ದಶಕದಲ್ಲಿ ಜನರಲ್ ಡ್ರಾಫ್ಟಿಂಗ್ ಕಂಪನಿ ನ್ಯೂಯಾರ್ಕ್ ರಾಜ್ಯದ ನಕ್ಷೆಯಲ್ಲಿ ಅಗ್ಲೋ ಎಂಬ ಸುಳ್ಳು ಊರು ಇಟ್ಟಿತು. ಮುಂದೆ ರ‍್ಯಾಂಡ್ ಮೆಕ್‌ನ್ಯಾಲಿಯ ನಕ್ಷೆಯಲ್ಲೂ ಅದು ಕಂಡಾಗ ಕಳ್ಳ ಸಿಕ್ಕಿಬಿದ್ದ ಎಂದುಕೊಂಡರು. ಆದರೆ ನಕ್ಷೆ ನೋಡಿ ಯಾರೋ ಅಲ್ಲಿ ಅದೇ ಹೆಸರಿನ ಅಂಗಡಿ ತೆರೆದಿದ್ದರು! ಗೂಗಲ್ ನಕ್ಷೆಯಲ್ಲೂ ಆ ಊರು 2014ರ ತನಕ ಇತ್ತು. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಕೊಡುಗೆ ನೀಡುವುದಾದರೆ ಬೇರೆ ನಕ್ಷೆಯಿಂದ ಏನನ್ನೂ ಎತ್ತಬೇಡಿ. ಅಂಥದ್ದು ಕಂಡರೆ ಅಳಿಸಿಬಿಡುತ್ತಾರೆ.

ಕೆಲವು ದೇಶಗಳಲ್ಲಿ ಬೇರೆಯೇ ಆ್ಯಪ್‌ಗಳು ಮುಂದಿರುವುದು ಏಕೆ?

ಬಹುಪಾಲು ಕಾನೂನಿನ ಕಾರಣಕ್ಕೆ. ದಕ್ಷಿಣ ಕೊರಿಯಾ ವಿವರವಾದ ನಕ್ಷೆ ದತ್ತಾಂಶವನ್ನು ಹೊರದೇಶಕ್ಕೆ ಒಯ್ಯಲು ಗೂಗಲ್ ಕೇಳಿದ ಅನುಮತಿಯನ್ನು 2007 ಮತ್ತು 2016ರಲ್ಲಿ ನಿರಾಕರಿಸಿತು. ಅಲ್ಲಿ ನೇವರ್ ಮತ್ತು ಕಾಕಾವೊ ನಕ್ಷೆಗಳು ಬೆಳೆದವು. ಚೀನಾದಲ್ಲಿ ಸಾರ್ವಜನಿಕ ನಕ್ಷೆಗಳು ಸ್ಥಾನಾಂಕಗಳನ್ನು ಬೇಕೆಂದೇ ಕೊಂಚ ಸರಿಸುವ ವ್ಯವಸ್ಥೆಯನ್ನು ಪಾಲಿಸಬೇಕು. ಹೊರಗಿನ ನಕ್ಷೆ ಅಲ್ಲಿ ನೂರಾರು ಮೀಟರ್ ತಪ್ಪುವುದು ಅದಕ್ಕೇ.

ಈಗಿನ ಹೊಸತನಗಳಲ್ಲಿ ಯಾವುದು ಗಟ್ಟಿ, ಯಾವುದು ಬರೀ ಥಳುಕು?

ಹಾರಾಡಿ ನೋಡುವ ಮೂರು ಆಯಾಮದ ನಗರ ಚೆಂದ, ದಿನಬಳಕೆಗೆ ಬರುವುದು ಅಪರೂಪ. ಗಟ್ಟಿಯಾದದ್ದು ಕಣ್ಣಿಗೆ ಬೀಳದ ಕಡೆ ಇದೆ. ಉಪಗ್ರಹ ಚಿತ್ರದಿಂದ ಕಟ್ಟಡ ಗುರುತಿಸುವ ಕೆಲಸವನ್ನು ಯಂತ್ರಗಳು ಮಾಡುತ್ತಿವೆ. 2018ರಲ್ಲಿ ಮೈಕ್ರೋಸಾಫ್ಟ್ ಅಮೆರಿಕ ಒಂದರದೇ ಸುಮಾರು 12.5 ಕೋಟಿ ಕಟ್ಟಡಗಳ ಅಂಚನ್ನು ಹೀಗೆ ಗುರುತಿಸಿ ಎಲ್ಲರಿಗೂ ತೆರೆದಿಟ್ಟಿತು. ಆದರೆ ಕಟ್ಟಡದ ಬಾಗಿಲು ಯಾವ ಕಡೆ, ಒಳಗೆ ಏನಿದೆ ಎಂದು ಮೇಲಿನಿಂದ ಕಾಣುವುದಿಲ್ಲ. ಅದಕ್ಕೆ ಇಂದಿಗೂ ಯಾರಾದರೂ ಅಲ್ಲಿ ಹೋಗಿ ನೋಡಲೇಬೇಕು.

ಇನ್ನೊಂದು, ಪಿಎಂಟೈಲ್ಸ್ ಎಂಬ ಕಡತ ವಿಧಾನ. ಇಡೀ ನಕ್ಷೆಯ ಟೈಲ್‌ಗಳನ್ನು ಒಂದೇ ಕಡತದಲ್ಲಿ ಕಟ್ಟಿ ಮಾಮೂಲಿ ಸಂಗ್ರಹ ಸೇವೆಯಲ್ಲಿ ಇಟ್ಟರೆ ಸಾಕು, ಬ್ರೌಸರ್ ತನಗೆ ಬೇಕಾದ ತುಣುಕನ್ನು ತಾನೇ ಓದಿಕೊಳ್ಳುತ್ತದೆ. ಪ್ರತ್ಯೇಕ ಟೈಲ್ ಸರ್ವರ್ ಬೇಡ.

ನನ್ನ ಆ್ಯಪ್‌ಗೆ ಯಾವುದನ್ನು ಆರಿಸಲಿ?

ಲೈವ್ ಟ್ರಾಫಿಕ್ ಅಥವಾ ಅಂಗಡಿಗಳ ತೆರೆದ ವೇಳೆ ಬೇಕೇ ಬೇಕೆಂದರೆ ಹಣ ಕೊಟ್ಟು ದೊಡ್ಡವರ ಸೇವೆ ತೆಗೆದುಕೊಳ್ಳಿ. ಆದರೆ ದಿನದ ಬಳಕೆಗೆ ಮಿತಿ ಹಾಕಿ, ಎಪಿಐ ಬಳಸಲು ನಿಮಗೆ ಕೊಡುವ ಗುರುತಿನ ಸಂಕೇತವನ್ನು, ಅಂದರೆ ಕೀಯನ್ನು, ನಿಮ್ಮ ಜಾಲತಾಣಕ್ಕೆ ಮಾತ್ರ ಕಟ್ಟಿಹಾಕಿ. ಬಯಲಿಗೆ ಬಿದ್ದ ಕೀಯಿಂದ ಬರುವ ಬಿಲ್ ನಿಮ್ಮ ಹೆಸರಿಗೇ ಬರುತ್ತದೆ. ನಾಲ್ಕಾರು ಚುಕ್ಕಿ ತೋರಿಸಲು, ಪ್ರದೇಶ ಬಣ್ಣ ಹಚ್ಚಲು ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶ ಮತ್ತು ನಕ್ಷೆ ಬಿಡಿಸುವ ಮುಕ್ತ ತಂತ್ರಾಂಶ ಮ್ಯಾಪ್‌ಲಿಬ್ರೆ ಧಾರಾಳ ಸಾಕು. ಮ್ಯಾಪ್‌ಲಿಬ್ರೆ ಹುಟ್ಟಿದ ಕಥೆಯೇ ಒಂದು ಎಚ್ಚರಿಕೆ. ಮ್ಯಾಪ್‌ಬಾಕ್ಸ್ ಕಂಪನಿ ತನ್ನ ಮುಕ್ತ ತಂತ್ರಾಂಶವನ್ನು 2020ರ ಡಿಸೆಂಬರ್‌ನಲ್ಲಿ ಮುಚ್ಚಿದ ಲೈಸೆನ್ಸಿಗೆ ಬದಲಾಯಿಸಿದಾಗ, ಹಿಂದಿನ ಆವೃತ್ತಿಯನ್ನು ಹಿಡಿದು ಬಳಕೆದಾರರೇ ಮುಂದುವರಿಸಿದ್ದು ಅದು. ಯಾವುದನ್ನೇ ಆರಿಸಿ, ನಕ್ಷೆಗೆ ಸಂಬಂಧಿಸಿದ ಕೋಡನ್ನು ಒಂದು ಕಡೆ ಪ್ರತ್ಯೇಕವಾಗಿ ಇಡಿ. ದರ ಏರಿದ ದಿನ ಬದಲಾಯಿಸಲು ಒಂದು ವಾರ ಸಾಕಾಗಬೇಕು, ಆರು ತಿಂಗಳು ಹಿಡಿಯಬಾರದು.

ಇಂಟರ್ನೆಟ್ ಇಲ್ಲದ ಕಡೆ?

ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂಆ್ಯಂಡ್ ಎರಡೂ ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶವನ್ನು ಫೋನಿಗೆ ಇಳಿಸಿಕೊಂಡು ನಡೆಯುತ್ತವೆ. ಕಾಲುದಾರಿ, ಚಾರಣಕ್ಕೆ ಇವೇ ಮೇಲು. ಗೂಗಲ್‌ನಲ್ಲೂ ಪ್ರದೇಶ ಇಳಿಸಿಡಬಹುದು, ಆದರೆ ನಡಿಗೆಯ ದಾರಿ ಸೂಚನೆ ಆಫ್‌ಲೈನ್‌ನಲ್ಲಿ ಸಿಗುತ್ತದೆಂದು ನಂಬಿ ಹೊರಡಬೇಡಿ. ಹೊರಡುವ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಒಮ್ಮೆ ಪರೀಕ್ಷಿಸಿ.